ಹಾಲುಹಲ್ಲಿನ ವ್ಯಾಪಾರ

ನಮ್ಮ ಮನೆಗಳಲ್ಲಿ ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯುಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆಯುವ ವಾಡಿಕೆಯುಂಟು. ಆ ಹಲ್ಲನ್ನು ಎಸೆಯಬೇಡಿರಿ, ಹಣ ತೆತ್ತು ನಮ್ಮಲ್ಲಿ ಕಾದಿರಿಸಿರಿ, ಮುಂದೆ ಮಗುವಿನ ರೋಗಗಳಿಗೆ ಅದೇ ಮದ್ದಾಗುವುದು ಎಂದು ಹೇಳುವ ವರ್ತಕರು ಈಚಿನ ವರ್ಷಗಳಲ್ಲಿ ಹಲವು ದೇಶಗಳಲ್ಲಿ ತಲೆಯೆತ್ತಿರುವರು. ನಮ್ಮ ದೇಶವೂ ಇದಕ್ಕೆ ಹೊರತಾಗಲಿಲ್ಲ. ಇವರ ಮಾತಿನಲ್ಲಿ ಶಾಸ್ತ್ರವೆಷ್ಟು, ಆಸೆ ಹುಟ್ಟಿಸುವ ಚಾತುರ್ಯವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅವಶ್ಯವಾಗಿದೆ.

ಶಾಸ್ತ್ರದ ಭಾಗವು ಸುಳ್ಳಲ್ಲ. ಹಲ್ಲಿನ ಹೊರಕವಚವಾದ ಎನಾಮಲನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಮೂಡುವ ವೇಳೆಗೆ ನಶಿಸಿಹೋಗುವುವು. ಆದುದರಿಂದಲೇ ಸವೆದ ಎನಾಮಲು ಮರಳಿ ಬೆಳೆಯದು. ಆದರೆ ಒಳಗಿನ ತಿರುಳು ಜೀವಂತವಾದುದು. ೨೦೦೦ನೆಯ ಇಸವಿಯಲ್ಲಿ ಅಮೆರಿಕಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಗ್ರಾಂಥೋಸ್, ಶಿ ಮೊದಲಾದ ವಿಜ್ಞಾನಿಗಳು ಬುದ್ಧಿಹಲ್ಲಿನ ತಿರುಳಿನಲ್ಲಿ ಸ್ಟೆಮ್ ಸೆಲ್ಲುಗಳನ್ನು, ಎಂದರೆ ತಾವು ವೃದ್ಧಿಹೊಂದುತ್ತ ಬೇರೆ ಬಗೆಯ ಕೋಶಗಳಾಗಿಯೂ ಮಾರ್ಪಡಬಲ್ಲ ಆಕರಕೋಶಗಳನ್ನು, ಕಂಡರು. ೨೦೦೩ರಲ್ಲಿ ತಾನಾಗಿ ಬಿದ್ದ ಹಾಲುಹಲ್ಲಿನಲ್ಲಿಯೂ, ೨೦೦೪ರಲ್ಲಿ ಹಲ್ಲಿನ ಬೇರನ್ನು ದವಡೆಯ ಎಲುಬಿಗೆ ಬಿಗಿಯುವ ತಂತುಗಳಲ್ಲಿಯೂ ಇಂಥವೇ ದೊರೆತುವು.

ಪ್ರಯೋಗಶಾಲೆಯಿಂದ ಮನುಷ್ಯರವರೆಗೂ ಈ ವಿದ್ಯೆ ಬಂದಿರುವುದು ನಿಜ. ೨೦೧೮ರಲ್ಲಿ ಚೀನಾ ದೇಶದ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ, ಪೆಟ್ಟು ಬಿದ್ದು ತಿರುಳು ಸತ್ತ ಬಾಚಿಹಲ್ಲುಳ್ಳ ೪೦ ಮಕ್ಕಳಿದ್ದರು. ೩೦ ಮಂದಿಗೆ ಅವರವರ ಹಾಲುಹಲ್ಲಿನಿಂದ ಬೆಳೆಸಿದ ಕೋಶಗಳನ್ನು ಸೇರಿಸಿ, ೧೦ ಮಂದಿಗೆ ರೂಢಿಯ ಚಿಕಿತ್ಸೆಯನ್ನು ಮಾಡಿದರು. ವರ್ಷ ತುಂಬಿದ ಮೇಲೆ ಮೊದಲನೆಯ ಗುಂಪಿನ ೨೬ ಮಂದಿಯನ್ನು ಪರೀಕ್ಷಿಸಲಾಗಿ, ತಿರುಳು ಮರಳಿ ಬೆಳೆದು ರಕ್ತನಾಳಗಳೂ ನರಗಳೂ ಮೂಡಿದ ಚಿಹ್ನೆಗಳು ಕಂಡುವು. ಇದು ಶ್ಲಾಘ್ಯವಾದ ಕಾರ್ಯ.

ಆದರೆ ಇದರಿಂದ ವರ್ತಕರ ವಾದವು ಸಿದ್ಧವಾಗುವುದೇ? ಆ ಮಕ್ಕಳ ಬಾಚಿಹಲ್ಲುಗಳ ಬೇರು ಇನ್ನೂ ಪೂರ್ಣವಾಗಿ ಬೆಳೆದಿರಲಿಲ್ಲ. ತುದಿಯು ಅಗಲವಾಗಿ ತೆರೆದಿದ್ದುದರಿಂದ ರಕ್ತನಾಳಗಳು ಒಳಹೊಗುವುದಕ್ಕೆ ಎಡೆಯಿತ್ತು. ವಯಸ್ಕರ ಹಲ್ಲಿನಲ್ಲಿ ಆ ದ್ವಾರವು ಬಲು ಕಿರಿದು. ಹಾಲುಹಲ್ಲು ಬೀಳುವ ವೇಳೆಗೆ ಅದರಲ್ಲಿ ಉಳಿದ ತಿರುಳೂ ಸ್ವಲ್ಪವೇ. ೨೦೦೩ರ ಶೋಧಕರಿಗೆ ಒಂದೊಂದು ಬಾಚಿಹಲ್ಲಿನಿಂದ ದೊರೆತ ಇಂತಹ ಕೋಶಗಳು ಸುಮಾರು ೧೨ರಿಂದ ೨೦. ಅವುಗಳನ್ನು ದ್ರವ ನೈಟ್ರೋಜನ್ನಿನಲ್ಲಿ, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ಶೀತದಲ್ಲಿ, ಹತ್ತಾರು ವರ್ಷ ಕಾಯಬೇಕು. ಅಷ್ಟರಲ್ಲಿ ಅಂಗಡಿಯೇ ಮುಚ್ಚಿದರೆ ಉತ್ತರ ಹೇಳುವವರಾರು? ಹಲ್ಲಿನ ತಿರುಳಿನ ಪ್ರಯೋಗವನ್ನು ತೋರಿಸಿ ಮಧುಮೇಹ, ಹೃದ್ರೋಗಗಳ ಹೆಸರಿನಲ್ಲಿ ಹಣ ಕೇಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಮಾರಿದಂತೆಯೇ ಸರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹೊಕ್ಕುಳಬಳ್ಳಿಯ ರಕ್ತವನ್ನುಳಿದು, ಹಲ್ಲಿನ ತಿರುಳೇ ಮೊದಲಾದವುಗಳನ್ನು ವ್ಯಾಪಾರಕ್ಕಾಗಿ ಸಂಗ್ರಹಿಸಿಡುವುದಕ್ಕೆ ಅದು ಅನುಮತಿ ಕೊಟ್ಟಿಲ್ಲ. ಆದರೆ ಮಾರ್ಗಸೂಚಿಯು ಶಾಸನವಲ್ಲ. ದಂಡನೆಯ ಭಯವಿಲ್ಲದ ಮಾತಿಗೆ ಲಾಭದ ಆಸೆಯುಳ್ಳವನು ಕಿವಿಗೊಡುವುದು ವಿರಳ.

ಹಣವುಳ್ಳವರು ತಮ್ಮ ಹಣವನ್ನು ತಾವು ಕಳೆದುಕೊಂಡರೆ ಸರಕಾರಕ್ಕೇನು ಎಂದು ಕೆಲವರು ಕೇಳಬಹುದು. ಈ ಮಾತನ್ನು ನಾವು ಒಪ್ಪಲಾರೆವು. ಮಗುವಿನ ಆರೋಗ್ಯವೆಂದರೆ ತಾಯಿತಂದೆಗಳು ಸಾಲ ಮಾಡಿಯಾದರೂ ತೆರುವರು. ಆ ವಾತ್ಸಲ್ಯವೇ ಇಲ್ಲಿ ವ್ಯಾಪಾರದ ಬಂಡವಾಳ. ಅಲ್ಲದೆ ಈ ಮಾತುಗಳು ಸುಳ್ಳಾದ ದಿನ ಜನರು ವರ್ತಕನನ್ನಷ್ಟೇ ಅಲ್ಲ, ನಿಜವಾದ ಶಾಸ್ತ್ರವನ್ನೂ ಶಂಕಿಸುವರು.

ಆದುದರಿಂದ ಸರಕಾರದವರು ಈ ಮಾರ್ಗಸೂಚಿಗೆ ಶಾಸನದ ಬಲವನ್ನು ಕೊಡಬೇಕು. ಇಂತಹ ವ್ಯಾಪಾರಕ್ಕೆ ಗಿರಾಕಿಗಳನ್ನು ಒದಗಿಸಿ ದಲ್ಲಾಳಿ ಪಡೆಯುವ ವೈದ್ಯರಿದ್ದರೆ ಅವರನ್ನು ವಿಚಾರಿಸಬೇಕು. ಸರಕಾರಿ ದಂತವೈದ್ಯ ಕಾಲೇಜುಗಳಲ್ಲಿ ಈ ಸಂಶೋಧನೆಗೆ ಧನವನ್ನೊದಗಿಸಿ, ಫಲ ಸಿದ್ಧಿಸಿದಾಗ ಅದು ಬಡವನ ಮಗುವಿಗೂ ದಕ್ಕುವಂತೆ ಮಾಡಬೇಕು. ಅಲ್ಲಿಯವರೆಗೆ ಬಿದ್ದ ಹಲ್ಲಿಗೆ ತೆರುವ ಹಣವನ್ನು ಇರುವ ಹಲ್ಲಿನ ರಕ್ಷಣೆಗೆ ವಿನಿಯೋಗಿಸುವುದೇ ಗೃಹಸ್ಥರಿಗೆ ವಿವೇಕವೆಂದು ನಮ್ಮ ಅಭಿಪ್ರಾಯ.