ಬಿಲ್ಲಿಗೆ ನಮಸ್ಕಾರ, ಟೇಪಿಗೆ ಅಲ್ಲ

ಹೋದ ತಿಂಗಳು ಮೆಕ್ಕೆಜೋಳ ಕಾಯಲು ಗೆಳೆಯನ ಹೊಲಕ್ಕೆ ಹೋಗಿದ್ದೆವು. ಅಟ್ಟಣೆ ಮೇಲೆ ನಾಲ್ಕು ಜನ, ಒಂದು ಟಾರ್ಚು, ಬಡಿಯಲು ಒಂದು ಹಳೇ ತಗಡು. ನಿದ್ದೆ ಬಾರದಿರಲಿ ಎಂದು ಒಬ್ಬ ಮೊಬೈಲ್ ತೆಗೆದು ವಿಡಿಯೊ ಹಾಕಿದ. ಅಮೆರಿಕದ ಒಬ್ಬ ಮನುಷ್ಯ, ಐವತ್ತು ದಾಟಿದವನು, ಕಾಡಿನಂಚಿನ ಮರದ ಮೇಲೆ ಸಣ್ಣ ಅಟ್ಟಣೆ ಕಟ್ಟಿಕೊಂಡು ಕೂತಿದ್ದಾನೆ. ಕೈಯಲ್ಲಿ ಮರದ ಬಿಲ್ಲು. ವಿಡಿಯೊದ ಮುಕ್ಕಾಲು ಭಾಗ ಏನೂ ಆಗುವುದಿಲ್ಲ. ಗಾಳಿ ಬೀಸುತ್ತದೆ, ಎಲೆ ಉದುರುತ್ತದೆ, ಅವನು ಕೂತೇ ಇರುತ್ತಾನೆ. ಕೊನೆಗೊಂದು ಗಂಡು ಜಿಂಕೆ ಬಂತು. ಬಾಣ ಹೋಯಿತು. ಜಿಂಕೆ ಸಿಕ್ಕ ಮೇಲೆ ಅವನು ಜೇಬಿನಿಂದ ಮೊದಲು ತೆಗೆದದ್ದು ಚಾಕು ಅಲ್ಲ, ಅಳತೆ ಟೇಪು.

"ಅವನೂ ಅಟ್ಟಣೆ ಮೇಲೆ, ನಾವೂ ಅಟ್ಟಣೆ ಮೇಲೆ" ಎಂದ ಹೊಲದ ಗೆಳೆಯ. "ಅವನು ಜಿಂಕೆ ಬರಲಿ ಅಂತ ಕಾಯ್ತಾನೆ. ನಾವು ಬಾರದಿರಲಿ ಅಂತ ಕಾಯ್ತೀವಿ."

ನಕ್ಕೆವು. ಆದರೆ ಆಮೇಲೆ ಶುರುವಾದ ಜಗಳ ಬೆಳಗಿನ ತನಕ ಮುಗಿಯಲಿಲ್ಲ. ಇಂಥ ವಿಡಿಯೊ ನೋಡಿದ ನಮ್ಮ ಓದುಗರೂ ಕೇಳುತ್ತಿರುತ್ತಾರೆ: ಅಮೆರಿಕದಲ್ಲಿ ರೈತನಿಗೆ, ಬೇಟೆಗಾರನಿಗೆ ಲೈಸೆನ್ಸ್ ಕೊಡ್ತಾರೆ, ನಮಗೇಕಿಲ್ಲ? ನಮಗೂ ಕೊಟ್ಟರೆ ಬೆಳೆ ಉಳಿಯುವುದಿಲ್ಲವೇ? ಪ್ರಶ್ನೆ ಸುಳ್ಳಲ್ಲ. ರಾತ್ರಿಯೆಲ್ಲ ಕೂಗಿ ಗಂಟಲು ಹರಿದುಕೊಂಡವನ ಪ್ರಶ್ನೆ ಅದು. ಅದಕ್ಕೇ ನಾವು ಆ ಬಿಲ್ಲುಬೇಟೆಯ ಕಥೆಯನ್ನು ಸ್ವಲ್ಪ ಓದಿ ನೋಡಿದೆವು.

ಆ ಜಿಂಕೆಯನ್ನು ಬಿಳಿಬಾಲದ ಜಿಂಕೆ ಎನ್ನಬಹುದು. ಹೆದರಿದರೆ ಬಾಲ ಎತ್ತುತ್ತದೆ, ಕೆಳಗಿನ ಬಿಳಿ ಬಾವುಟದ ಹಾಗೆ ಕಾಣುತ್ತದೆ. 1900ರ ಹೊತ್ತಿಗೆ ಆ ದೇಶದಲ್ಲಿ ಇವು ಹೆಚ್ಚೆಂದರೆ 5 ಲಕ್ಷ ಉಳಿದಿದ್ದವು. ಮಾಂಸ, ಚರ್ಮ ಮಾರುವವರು ಹೊಡೆದು ಹೊಡೆದು ಮುಗಿಸಿದ್ದರು. ಈಗ ಸುಮಾರು 3 ಕೋಟಿ ಇವೆ. ಮಾಂಸದ ವ್ಯಾಪಾರಕ್ಕೆ ಕಾನೂನಿನ ಕಡಿವಾಣ ಬಿತ್ತು; ಇಂದಿಗೂ ಅಲ್ಲಿ ಬೇಟೆಯ ಜಿಂಕೆ ಮಾಂಸವನ್ನು ಮಾರುವಂತಿಲ್ಲ, ತಿನ್ನಬೇಕು ಇಲ್ಲವೇ ಕೊಡಬೇಕು. ಇನ್ನೊಂದು ಕಡೆ ತೋಳಗಳನ್ನೂ ಬೆಟ್ಟದ ಸಿಂಹಗಳನ್ನೂ ಜನ ಬಹುಪಾಲು ಕಡೆ ಮೊದಲೇ ಕೊಂದು ಹಾಕಿದ್ದರು. ತಿನ್ನುವವರಿಲ್ಲ, ಹೊಲದಲ್ಲಿ ಜೋಳ, ಸೋಯಾ ಇದೆ. ಜಿಂಕೆ ಹೆಚ್ಚಿದವು. ಅಲ್ಲಿ ಕೆಲಸಕ್ಕೆ ಹೋದ ನಮ್ಮ ಹುಡುಗರು ಫೋನಿನಲ್ಲಿ "ಕಾರಿಗೆ ಜಿಂಕೆ ಗುದ್ದಿತು" ಎಂದರೆ ಮನೆಯವರು ನಂಬುವುದಿಲ್ಲ, ಆದರೆ ಅಲ್ಲಿ ಅದು ದಿನನಿತ್ಯದ ಮಾತು.

ಈ ಜಿಂಕೆಯನ್ನು ಹೆಚ್ಚಿನವರು ಬಂದೂಕಿನಲ್ಲೇ ಹೊಡೆಯುತ್ತಾರೆ. ಬಿಲ್ಲಿನವರಲ್ಲೂ ಬಹಳ ಮಂದಿಯ ಕೈಲಿರುವುದು ರಾಟೆ ಕಟ್ಟಿದ ಬಿಲ್ಲು. 1960ರ ದಶಕದಲ್ಲಿ ಮಿಸೌರಿ ರಾಜ್ಯದ ಹಾಲೆಸ್ ಅಲೆನ್ ಎಂಬಾತ ಮಾಡಿದ್ದು ಅದು. ಹೆದೆ ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ, ಗುರಿ ನೋಡಲು ಕಿಂಡಿಯೂ ಇರುತ್ತದೆ. ವಿಡಿಯೊದವನು ಅದನ್ನು ಬಿಟ್ಟು ಹಳೇ ಮರದ ಬಿಲ್ಲು ಹಿಡಿದವನು. ಇಪ್ಪತ್ತು ಕೆಜಿ ಎಳೆತವನ್ನು ಬೆರಳುಗಳೇ ಹೊರಬೇಕು, ಗುರಿ ಕಣ್ಣಂದಾಜಿನದು. ಜಿಂಕೆ ಇಪ್ಪತ್ತು ಗಜದೊಳಗೆ, ಅಂದರೆ ದೊಡ್ಡ ಕಣದ ಈ ತುದಿಯಿಂದ ಆ ತುದಿಗಿಂತ ಹತ್ತಿರ ಬರಬೇಕು. ಅಷ್ಟು ಹತ್ತಿರ ಬಂದ ಜಿಂಕೆಗೆ ನಿಮ್ಮ ವಾಸನೆ ಸಿಗುತ್ತದೆ, ಬಟ್ಟೆಯ ಸರಪರ ಕೇಳುತ್ತದೆ. ಗಾಳಿ ತಿರುಗಿದರೆ ಆ ದಿನ ಮುಗಿಯಿತು. ಅಕ್ಟೋಬರಿನಿಂದ ಚಳಿಗಾಲದವರೆಗೆ ಕೂತು ಬರಿಗೈಲಿ ಮನೆಗೆ ಹೋದವರು ಬೇಕಾದಷ್ಟು. ನವೆಂಬರಿನಲ್ಲಿ ಗಂಡುಗಳು ಬೆದೆಯ ಹೆಣ್ಣಿನ ಹಿಂದೆ ಮೈಮರೆತು ಓಡಾಡುವಾಗ ಮಾತ್ರ ಸ್ವಲ್ಪ ಆಸೆ.

ಸುಲಭದ ದಾರಿ ಇದ್ದೂ ಕಷ್ಟದ್ದನ್ನು ಹಿಡಿಯುವವನನ್ನು ಕಂಡರೆ ನಮಗೆ ಗೌರವವೇ. ಬೇಡರ ಕಣ್ಣಪ್ಪನ ಕಥೆ ಕೇಳಿ ಬೆಳೆದವರು ನಾವು, ಬಿಲ್ಲು ಹಿಡಿದವನೆಲ್ಲ ಕಟುಕ ಎನ್ನಲು ಬಾಯಿ ಬರುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ್ದರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ, ಹೋದಾಗ ನೋಡಿ. ನಾಯಿಗೂ ಹಂದಿಗೂ ಇಬ್ಬರಿಗೂ ಮರ್ಯಾದೆ ಕೊಟ್ಟ ಕಲ್ಲು ಅದು.

ಅಮೆರಿಕದ ಬಿಲ್ಲುಬೇಟೆಯ ಬೇರು ಹುಡುಕಿದರೆ ಸಿಗುವುದು ಇಶಿ ಎಂಬ ಒಬ್ಬ ಮನುಷ್ಯ. ವಿಡಿಯೊಗಳಲ್ಲಿ ಅವನ ಮಾತು ಬರುವುದು ಕಡಿಮೆ.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಕಸಾಯಿಖಾನೆ ಹತ್ತಿರ ಹಸಿದು ಸೋತ ಒಬ್ಬ ಆದಿವಾಸಿ ಸಿಕ್ಕಿದ. ಯಾಹಿ ಬುಡಕಟ್ಟಿನ ಕೊನೆಯವನು. ವಲಸೆ ಬಂದ ಬಿಳಿಯರು ಅವನ ಜನರನ್ನು ಕೊಂದು ಮುಗಿಸಿದ್ದರು. ಉಳಿದ ಬೆರಳೆಣಿಕೆಯವರು ದಶಕಗಟ್ಟಲೆ ಬೆಟ್ಟದಲ್ಲಿ ಅಡಗಿ ಬದುಕಿ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅವನು ತನ್ನ ಹೆಸರು ಹೇಳಲೇ ಇಲ್ಲ. ಇಶಿ ಎಂದರೆ ಅವರ ಮಾತಿನಲ್ಲಿ ಮನುಷ್ಯ ಎಂದಷ್ಟೇ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲಿ ಅವನನ್ನು ಇರಿಸಿಕೊಂಡರು. ಪಕ್ಕದ ವೈದ್ಯಕೀಯ ಕಾಲೇಜಿನ ಸರ್ಜನ್ ಸ್ಯಾಕ್ಸ್ಟನ್ ಪೋಪ್ ಅವನ ಚಿಕಿತ್ಸೆಗೆ ಬಂದವನು ಅವನ ಶಿಷ್ಯನಾದ. ಬಿಲ್ಲು ಕೆತ್ತುವುದು, ಬಾಣಕ್ಕೆ ಗರಿ ಕಟ್ಟುವುದು, ಗಾಳಿಗೆ ಎದುರಾಗಿ ನಡೆಯುವುದು, ಎಲ್ಲ ಕಲಿತ. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ. ಜಿಂಕೆಯ ಮೂಗಿಗೆ ಅಷ್ಟು ಅಂಜಿಕೆ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ಅವನ ಮೆದುಳನ್ನು ತೆಗೆದು ಮ್ಯೂಸಿಯಂಗೆ ಕಳಿಸಿದರು, ಅದು ಅವನ ನೆಂಟ ಬುಡಕಟ್ಟಿನವರ ಕೈಗೆ ಮರಳಿದ್ದು 2000ದಲ್ಲಿ.

ಪೋಪ್ 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದ. 1961ರಲ್ಲಿ ಅವನ ಮತ್ತು ಅವನ ಜೊತೆಗಾರ ಆರ್ಥರ್ ಯಂಗ್‌ನ ಹೆಸರಿನಲ್ಲಿ ಪೋಪ್ ಅಂಡ್ ಯಂಗ್ ಕ್ಲಬ್ ಹುಟ್ಟಿತು. ಬಿಲ್ಲಿನಿಂದ ಹೊಡೆದ ಪ್ರಾಣಿಗಳ ದಾಖಲೆ ಪುಸ್ತಕ ಇಡುವುದು ಈ ಕ್ಲಬ್ಬೇ. ಕಲಿಸಿದವನ ಹೆಸರು ಕ್ಲಬ್ಬಿನ ಬೋರ್ಡಿನಲ್ಲಿಲ್ಲ. ಇಶಿ ಊಟಕ್ಕೆ ಬೇಟೆಯಾಡಿದವನು, ಕೊಂಬಿಗೆ ಟೇಪು ಹಿಡಿದವನಲ್ಲ.

ಟೇಪಿನ ಲೆಕ್ಕ ಹೀಗಿದೆ. ಎರಡೂ ಮುಖ್ಯ ಕೊಂಬಿನ ಉದ್ದ, ಪ್ರತಿ ಕವಲಿನ ಉದ್ದ, ನಾಲ್ಕು ಕಡೆ ದಪ್ಪ, ನಡುವಿನ ಅಗಲ, ಎಲ್ಲ ಕೂಡಿಸಬೇಕು. ಎಡಬಲದಲ್ಲಿ ವ್ಯತ್ಯಾಸ ಇದ್ದರೆ ಅಷ್ಟು ಕಳೆಯಬೇಕು. ಇಂಚಿನ ಎಂಟನೇ ಒಂದು ಭಾಗದವರೆಗೂ ಲೆಕ್ಕ. ಕೊಂಬು 60 ದಿನ ಒಣಗಿದ ಮೇಲೆಯೇ ಅಧಿಕೃತ ಅಳತೆ. ಮಾಮೂಲಿ ಆಕಾರದ ಬಿಳಿಬಾಲದ ಕೊಂಬು 125 ಇಂಚು ದಾಟಿದರೆ ಬಿಲ್ಲಿನವರ ಪುಸ್ತಕದಲ್ಲಿ ಹೆಸರು. ನಮ್ಮ ದನದ ಜಾತ್ರೆಯಲ್ಲೂ ಹಳ್ಳಿಕಾರ್ ಎತ್ತಿನ ಕೊಂಬು ನೋಡಿ ಬೆಲೆ ಕಟ್ಟುತ್ತಾರೆ, ನಿಜ. ಆದರೆ ಗೆದ್ದ ಎತ್ತು ತನ್ನ ಕಾಲಿನ ಮೇಲೆ ಮನೆಗೆ ಬರುತ್ತದೆ.

ಕೊಂಬಿನ ಆಸೆಗೆ ಬೇರೆ ಬಾಲವೂ ಇದೆ. ದೊಡ್ಡ ಕೊಂಬಿನ ಗಂಡನ್ನು ಬೇಲಿಯೊಳಗೆ ಸಾಕಿ, ಮೇವು ಹಾಕಿ, ದುಡ್ಡಿಗೆ ಬೇಟೆಗೆ ಬಿಡುವ ದಂಧೆ ಅಲ್ಲಿದೆ. ಪೋಪ್ ಅಂಡ್ ಯಂಗ್‌ನವರು ಅಂಥ ಬೇಲಿಯೊಳಗಿನ ಬೇಟೆಯನ್ನು ಪುಸ್ತಕಕ್ಕೆ ಸೇರಿಸುವುದಿಲ್ಲ ಎಂಬುದನ್ನು ಹೇಳಲೇಬೇಕು. ಜಿಂಕೆಗಳ ಮೆದುಳು ಸವೆಯುವ ಒಂದು ರೋಗವೂ ಅಲ್ಲಿ ಹಬ್ಬುತ್ತಿದೆ. 1967ರಲ್ಲಿ ಕೊಲೊರಾಡೊದಲ್ಲಿ ಕೂಡಿಟ್ಟ ಜಿಂಕೆಗಳಲ್ಲಿ ಮೊದಲು ಕಂಡದ್ದು ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ, ಮದ್ದಿಲ್ಲ. ಸಾಕಿದ ಜಿಂಕೆಗಳನ್ನು ಲಾರಿಯಲ್ಲಿ ಊರಿಂದ ಊರಿಗೆ ಸಾಗಿಸುವುದೂ ಹರಡಲು ಒಂದು ದಾರಿ ಎನ್ನುತ್ತಾರೆ.

ವಿಡಿಯೊದಲ್ಲಿ ಕತ್ತರಿಸಿ ಹಾಕುವ ಭಾಗವೂ ಒಂದಿದೆ. ಬಾಣ ಗುಂಡಿನ ಹಾಗಲ್ಲ, ರಕ್ತ ಹರಿಸಿ ಕೊಲ್ಲುತ್ತದೆ. ಶ್ವಾಸಕೋಶಕ್ಕೆ ತಾಗಿದರೆ ಜಿಂಕೆ ನೂರು ಗಜದೊಳಗೆ ಬೀಳಬಹುದು. ಬೇಟೆಗಾರ ಆದರೂ ಅರ್ಧ ಗಂಟೆ ಇಳಿಯದೆ ಕಾಯುತ್ತಾನೆ, ಬೆನ್ನಟ್ಟಿದರೆ ಅದು ದೂರ ಓಡುತ್ತದೆ. ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ಕಾಯಬೇಕು. ಎಲೆಯ ಮೇಲಿನ ರಕ್ತದ ಹನಿ ಹಿಡಿದು ಲಾಟೀನು ಬೆಳಕಲ್ಲಿ ಹುಡುಕಿಯೂ ಸಿಗದೆ ಹೋದವು ಇವೆ. ಒಳ್ಳೆಯ ಬಿಲ್ಲುಗಾರರು ಇದನ್ನು ಮುಚ್ಚಿಡದೆ ಹೇಳುತ್ತಾರೆ, ಅದಕ್ಕೇ ಹತ್ತಿರ ಬರುವವರೆಗೆ ಬಾಣ ಬಿಡುವುದಿಲ್ಲ. ಎಲ್ಲರೂ ಹಾಗಿರುವುದಿಲ್ಲ.

ಈಗ ನಮ್ಮ ಗೆಳೆಯನ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಬೇಟೆಯಿಂದ ಅಲ್ಲಿನ ರೈತನ ಬೆಳೆ ಉಳಿಯಿತೇ?

ಕೊಂಬಿನ ಬೇಟೆಯಿಂದ ಉಳಿಯುವುದಿಲ್ಲ. ಇದು ಕುರಿ ಸಾಕಿದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಟಗರು ಕಡಿಮೆಯಾದರೆ ಮಂದೆ ಕರಗುವುದಿಲ್ಲ, ಉಳಿದ ಒಂದೇ ಟಗರು ಸಾಕು. ಮಂದೆ ನಿಲ್ಲುವುದು ಹೆಣ್ಣಿನ ಲೆಕ್ಕದ ಮೇಲೆ. ವಿಸ್ಕಾನ್ಸಿನ್ ರಾಜ್ಯದವರು ಇದಕ್ಕೆ ಒಂದು ನಿಯಮ ಮಾಡಿದ್ದರು. ಕೆಲವು ಪ್ರದೇಶಗಳಲ್ಲಿ ಮೊದಲು ಒಂದು ಕೊಂಬಿಲ್ಲದ ಜಿಂಕೆ ಹೊಡೆದು ತೋರಿಸಬೇಕು, ಆಮೇಲೆಯೇ ಕೊಂಬಿನ ಗಂಡು. ಜಿಂಕೆ ಇಳಿಸಲು ಅದು ಕೆಲಸವನ್ನೂ ಮಾಡಿತು. ಆದರೆ ಕೊಂಬಿನ ಆಸೆಯವರಿಗೆ ಸಿಟ್ಟು ಬಂತು, ಗಲಾಟೆ ಆಯಿತು, 2011ರಲ್ಲಿ ನಿಯಮವನ್ನೇ ತೆಗೆದು ಹಾಕಿದರು. ರೈತನ ಜೋಳಕ್ಕಿಂತ ಗೋಡೆಯ ಕೊಂಬು ಗೆದ್ದಿತು. "ನಾವು ಜಿಂಕೆ ಸಂಖ್ಯೆ ಹಿಡಿತದಲ್ಲಿಡುತ್ತೇವೆ" ಎನ್ನುವ ಟೇಪು ಹಿಡಿದವರ ವಾದವನ್ನು ನಾವು ಅರ್ಧ ಮಾತ್ರ ಒಪ್ಪುವುದು ಇದಕ್ಕೇ.

ಹಾಗಾದರೆ ಅಲ್ಲಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಅದು ಬಿಲ್ಲಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ.

1937ರಲ್ಲಿ ಅವರು ಒಂದು ಕಾನೂನು ಮಾಡಿದರು. ಬೇಟೆಯ ಬಂದೂಕು, ಮದ್ದುಗುಂಡು ತಯಾರಿಸುವಲ್ಲೇ ತೆರಿಗೆ ಎತ್ತಿ, ಅದನ್ನು ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಕೊಡಬೇಕು, ಬೇರೆಗೆ ತಿರುಗಿಸುವಂತಿಲ್ಲ. 1972ರ ತಿದ್ದುಪಡಿಯಲ್ಲಿ ಬಿಲ್ಲು ಬಾಣಕ್ಕೂ ಅದು ಬಂತು. ಈಗ ಆ ದುಡ್ಡಿನಲ್ಲಿ ದೊಡ್ಡ ಪಾಲು ಬೇಟೆಗೆ ಹೋಗದೆ ಬಂದೂಕು ಕೊಳ್ಳುವವರದ್ದು ಎಂಬ ಆಕ್ಷೇಪ ಇದೆ, ಇರಲಿ. ಬೇಟೆಗೆ ಹೋಗುವವನು ಲೈಸೆನ್ಸ್ ಕೊಳ್ಳಬೇಕು, ಎಷ್ಟು ಜಿಂಕೆಗೆ ಅನುಮತಿಯೋ ಅಷ್ಟು ಚೀಟಿ ಪಡೆಯಬೇಕು, ಹೊಡೆದ ಮೇಲೆ ನೋಂದಾಯಿಸಬೇಕು. ಯಾವ ಜಿಲ್ಲೆಯಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು ಹೋಯಿತು ಎಂದು ಮರುವರ್ಷ ಯಾರು ಬೇಕಾದರೂ ನೋಡಬಹುದು.

ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿ ಉಳಿದ ಬಾಗಿಲನ್ನೂ ಮುಚ್ಚಿತು. ಅದು ಬರಬೇಕಿತ್ತು. ಬಂಡೀಪುರ ಮಹಾರಾಜರ ಬೇಟೆಯ ಕಾಡಾಗಿತ್ತು. ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಲ್ಲಿ ಸತ್ತ ಹುಲಿ, ಚಿರತೆಗಳಿಗೆ ಹೊಟ್ಟು ತುಂಬಿ ಗೋಡೆಗೆ ಕಳಿಸುವ ಕೆಲಸ ಸುಮಾರು ನೂರು ವರ್ಷ ನಡೆಯಿತು. ಗೋಡೆಯ ಆಸೆ ಏನು ಮಾಡುತ್ತದೆ ಎಂದು ಅಮೆರಿಕದವರಿಂದ ಕಲಿಯಬೇಕಿಲ್ಲ, ನಮ್ಮ ಮೈಸೂರೇ ಸಾಕ್ಷಿ.

ಆದರೆ ಕಾಯ್ದೆಯ ಭಾರ ಬಿದ್ದದ್ದು ಯಾರ ಮೇಲೆ? ಬಂದೂಕಿನ ದೊರೆಗಳು ಕೈ ತೊಳೆದುಕೊಂಡು ಹೋದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನುಕುರುಬರು ರಾತ್ರೋರಾತ್ರಿ ಕಳ್ಳಬೇಟೆಗಾರರಾದರು. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ನೆಲ್ಲಿಕಾಯಿಯ ಹಕ್ಕು ಕೊಟ್ಟಿತು, ಬೇಟೆಯನ್ನು ಹೊರಗಿಟ್ಟೇ ಕೊಟ್ಟಿತು. ಬೇಟೆ ತಿರುಗಿ ಬರಲಿ ಎಂದು ನಾವು ಹೇಳುತ್ತಿಲ್ಲ. ಇಶಿಯ ಕಥೆ ಓದುವಾಗ ಇವರ ಮುಖ ಕಣ್ಣ ಮುಂದೆ ಬಂತು, ಅಷ್ಟೇ.

ನಮ್ಮಲ್ಲಿ ಬೇಟೆ ನಿಂತಿಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. ಬಿಲ್ಲು ನಿಂತಿದೆ. ತಂತಿ ಉರುಳು, ಸಿಡಿಮದ್ದು, ಬೇಲಿಗೆ ಕದ್ದು ಕೊಟ್ಟ ಕರೆಂಟು ನಡೆದೇ ಇವೆ. ಬಿಲ್ಲಿನವನು ತಾನು ಕೊಲ್ಲುವ ಜಿಂಕೆಯ ಕಣ್ಣು ನೋಡಿ ಕೊಲ್ಲುತ್ತಾನೆ. ಉರುಳು ಹಾಕಿದವನು ಮನೆಯಲ್ಲಿ ಮಲಗಿರುತ್ತಾನೆ. ಹಂದಿಗೆ ಹಾಕಿದ್ದರಲ್ಲಿ ಚಿರತೆ ಸಿಗುತ್ತದೆ, ನೆರೆಯವನ ಹಸು ಸಿಗುತ್ತದೆ, ಕರೆಂಟಾದರೆ ಮನುಷ್ಯನೇ ಸಿಗುತ್ತಾನೆ.

ನಾವು ಕೇಳುವುದು ಲೈಸೆನ್ಸ್ ಅಲ್ಲ. ಕಾಡುಪ್ರಾಣಿ ಸರ್ಕಾರದ ಆಸ್ತಿ ಎಂದು ನಮ್ಮ ಕಾನೂನೇ ಹೇಳುತ್ತದೆ. ಆಸ್ತಿ ಸರ್ಕಾರದ್ದಾದರೆ ಮೇವಿನ ಬಿಲ್ಲು ಯಾರು ಕೊಡಬೇಕು? ಅಮೆರಿಕದವರು ಕೊಂಬಿಗೆ ಹಿಡಿದ ಟೇಪನ್ನು ನಮ್ಮವರು ಹೊಲಕ್ಕೆ ಹಿಡಿಯಲಿ. ಯಾವ ಪಂಚಾಯ್ತಿಯಲ್ಲಿ ಎಷ್ಟು ಎಕರೆ ಹೋಯಿತು, ಹಂದಿಯಿಂದ ಎಷ್ಟು, ಜಿಂಕೆಯಿಂದ ಎಷ್ಟು, ಆನೆಯಿಂದ ಎಷ್ಟು, ಅರ್ಜಿ ಕೊಟ್ಟು ಎಷ್ಟು ದಿನಕ್ಕೆ ದುಡ್ಡು ಬಂತು ಎಂದು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಗೋಡೆಗೆ ಏನಾದರೂ ತೂಗುಹಾಕಲೇಬೇಕು ಎಂದರೆ ಅದನ್ನು ತೂಗುಹಾಕಲಿ.

ವಿಡಿಯೊ ನೋಡಿ ಆನ್‌ಲೈನ್‌ನಲ್ಲಿ ಬಿಲ್ಲು ತರಿಸಲು ಹೊರಟ ಹುಡುಗರಿಗೆ ಒಂದು ಮಾತು. ಗುರಿ ಹಲಗೆಗೆ ಹೊಡೆಯಿರಿ, ಒಲಿಂಪಿಕ್ಸ್‌ಗೆ ಹೋಗಿ, ನಾವೇ ಬಂದು ಚಪ್ಪಾಳೆ ತಟ್ಟುತ್ತೇವೆ. ಕಾಡಿಗೆ ಒಯ್ದರೆ ಜೈಲು. ಅಮೆರಿಕದವರು ಚಳಿಗಾಲ ಕಳೆಯುತ್ತಲೇ ಜಿಂಕೆ ತಾನಾಗಿ ಉದುರಿಸಿದ ಕೊಂಬು ಹೆಕ್ಕಲು ಹೆಂಡತಿ ಮಕ್ಕಳ ಜೊತೆ ಹೋಗುತ್ತಾರೆ. ನಮ್ಮಲ್ಲಿ ಬಿದ್ದ ಕೊಂಬು ಎತ್ತಿ ಮನೆಗೆ ತಂದರೂ ಕೇಸು. 2023ರ ಹುಲಿ ಉಗುರಿನ ಗಲಾಟೆ ನೆನಪಿದೆಯಲ್ಲ?

ಆ ರಾತ್ರಿ ಮೂರು ಗಂಟೆ ಸುಮಾರಿಗೆ ಹೊಲದ ಕೆಳತುದಿಯಲ್ಲಿ ಸದ್ದಾಯಿತು. ಟಾರ್ಚು ಬಿಟ್ಟೆವು. ಮೂರು ಚುಕ್ಕೆ ಜಿಂಕೆ, ಬಾಯಲ್ಲಿ ಜೋಳದ ಗರಿ. ವಿಡಿಯೊದ ಗುಂಗಿನಲ್ಲಿದ್ದ ನಾವು ಮೊದಲು ನೋಡಿದ್ದು ತಲೆಯ ಮೇಲೆ. ಒಂದಕ್ಕೂ ಕೊಂಬಿಲ್ಲ, ಮೂರೂ ಹೆಣ್ಣು. ಗೆಳೆಯ ತಗಡು ಬಡಿದ.