ಬಿದ್ದದ್ದನ್ನೂ ಬರೆದಿಡಬೇಕು

ಹಾನಗಲ್ಲ ಕಡೆಯ ರೈತರು ದನದ ಸಂತೆಯಲ್ಲಿ ಎತ್ತು ಹಿಡಿಯುವುದನ್ನು ನೋಡಬೇಕು. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊನೆಗೆ ಎರಡು ಮಾತು ಕೇಳುತ್ತಾರೆ: ಯಾರ ಮನೆಯಲ್ಲಿ ದುಡಿದಿತ್ತು, ಎಲ್ಲಾದರೂ ಬಿದ್ದು ಪೆಟ್ಟಾಗಿತ್ತೇ? ಹಳೆಯ ಹಗುರ ವಿಮಾನದ ಚರಿತ್ರೆ ಬರೆಯುವವರು ಹುಡುಕುವುದೂ ಇವೆರಡನ್ನೇ. ವಿಮಾನದ ಒಡಲಿಗೊಂದು, ಎಂಜಿನ್ನಿಗೊಂದು ಲಾಗ್ ಪುಸ್ತಕ ಇರುತ್ತದೆ. ಮೈಮೇಲಿನ ಬಟ್ಟೆ ಬದಲಾಗಬಹುದು, ಎಂಜಿನ್ ಬದಲಾಗಬಹುದು, ಮಾಲೀಕ ಬದಲಾಗುವುದಂತೂ ಇದ್ದದ್ದೇ. ಇಷ್ಟೆಲ್ಲ ಬದಲಾದ ಮೇಲೂ ಇದು ಅದೇ ವಿಮಾನ ಎಂದು ಹೇಳುವುದು ಆ ಪುಸ್ತಕ.

ನಮ್ಮ ನಾಡಿಗೆ ಹತ್ತಿರದ ಒಂದು ಕಥೆ ಹೇಳುತ್ತೇನೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಮಾದರಿಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಂಚೆ ಹೊತ್ತು ಹೊರಟರು. ಅಹಮದಾಬಾದಿನಲ್ಲಿ ಅದಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಡಬ್ಬಿ ಡಬ್ಬಿಯಾಗಿ ಬಂತು. ಮುಂಬಯಿಯ ಜುಹೂವಿನಿಂದ ಮುಂದಕ್ಕೆ ಅಂಚೆಯನ್ನು ಒಯ್ದವರು ನೆವಿಲ್ ವಿನ್ಸೆಂಟ್. ಅವರು ಇಳಿದದ್ದು ಬಳ್ಳಾರಿಯಲ್ಲಿ. ಅಲ್ಲಿಂದ ಮದ್ರಾಸು. ಆಗ ನಮ್ಮ ಊರುಗಳು ಬೇರೆ ಬೇರೆ ಆಡಳಿತದಲ್ಲಿದ್ದವು: ಹಿರೇಕೆರೂರು ಕೋಡ ತಾಲ್ಲೂಕಿನಲ್ಲಿ, ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನಲ್ಲಿ ಇತ್ತು. ಎರಡೂ ಮುಂಬಯಿ ಪ್ರಾಂತ್ಯದವು. ಸವಣೂರಿನಲ್ಲಿ ನವಾಬರ ಆಳ್ವಿಕೆ. ಬಳ್ಳಾರಿಯೋ ಮದ್ರಾಸ್ ಪ್ರಾಂತ್ಯದ್ದು. ಹೀಗೆ ಹರಿದು ಹಂಚಿಹೋಗಿದ್ದ ಕನ್ನಡ ನೆಲದಲ್ಲಿ ಭಾರತದ ವಿಮಾನಯಾನದ ಮೊದಲ ಪುಟಗಳಲ್ಲಿ ಹೆಸರು ಬರೆಸಿಕೊಂಡ ಊರು ಬಳ್ಳಾರಿ.

ಈ ಹಾರಾಟವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕಾದ್ದೇ. ಆದರೆ ಅದೇ ಪುಸ್ ಮಾತ್‌ನ ಇನ್ನೊಂದು ಪುಟ ನಮ್ಮಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಟಾಟಾ ಹಾರುವುದಕ್ಕೆ ಇನ್ನೂ ಮೂರು ತಿಂಗಳೂ ಬಾಕಿ ಇರದಾಗ, ಅದೇ ವರ್ಷದ ಜುಲೈನಲ್ಲಿ, ಇಂಗ್ಲೆಂಡಿನ ಸರ್ರೆಯಲ್ಲಿ ಒಂದು ಪುಸ್ ಮಾತ್ ಆಕಾಶದಲ್ಲೇ ಮುರಿದು ಮೂವರು ಸತ್ತಿದ್ದರು. ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 1930ರಿಂದ ಮೂರು ವರ್ಷಗಳಲ್ಲಿ ಒಂದಾದಮೇಲೊಂದು ಪುಸ್ ಮಾತ್‌ಗಳು ಹೀಗೆ ಹಾರುತ್ತಲೇ ಮುರಿದವು. ಒಂದೊಂದನ್ನೇ ನೋಡಿದಾಗ ಅದು ಚಾಲಕನ ತಪ್ಪು ಅಥವಾ ಗಾಳಿಯ ಹೊಡೆತ. ಎಲ್ಲ ವರದಿಗಳನ್ನೂ ಒಟ್ಟಿಗೆ ಹರಡಿಕೊಂಡು ಕುಳಿತಾಗಲೇ ದೋಷ ಕಂಡದ್ದು. ವೇಗ ಹೆಚ್ಚಿ ಗಾಳಿ ಎತ್ತಿ ಎಸೆಯುವಾಗ ರೆಕ್ಕೆಗೆ ಕೊಟ್ಟ ಆಧಾರದ ದಂಡ ತಡೆಯುತ್ತಿರಲಿಲ್ಲ. ಪರಿಹಾರ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ: ಮುಂದಿನ ದಂಡದ ನಡುವಿಗೆ ಆಸರೆಯಾಗಿ ಇನ್ನೊಂದು ಚಿಕ್ಕ ಸಲಾಕೆ. ಆ ಸಲಾಕೆಯ ಹಿಂದೆ ಎಷ್ಟು ಜೀವಗಳಿವೆ ಎನ್ನುವುದು ಅಪಘಾತದ ಕಡತ ತೆರೆದವರಿಗೆ ಮಾತ್ರ ತಿಳಿಯುತ್ತದೆ.

ಒಂದು ಬಿಡಿ ವಿಮಾನದ ಬದುಕನ್ನೂ ಹೀಗೆ ಓದಬಹುದು. 1932ರ ಆಗಸ್ಟಿನಲ್ಲಿ ಜಿಮ್ ಮಾಲಿಸನ್ ಒಬ್ಬರೇ ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ್ದು 'ದಿ ಹಾರ್ಟ್ಸ್ ಕಂಟೆಂಟ್' ಹೆಸರಿನ ಪುಸ್ ಮಾತ್‌ನಲ್ಲಿ. ಜಗತ್ತೇ ಕೊಂಡಾಡಿದ ಆ ವಿಮಾನ ಮುಂದೆ ಬೇರೊಬ್ಬ ಹಾರಾಟಗಾರನ ಕೈಗೆ ಹೋಗಿ, 1934ರಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ಬಿದ್ದು ಮುಗಿಯಿತು. ಕೀರ್ತಿಯಿಂದ ಕೊನೆಯವರೆಗೆ ಎರಡೇ ವರ್ಷ. ಎಲ್ಲವೂ ದಾಖಲೆಯಲ್ಲಿದೆ.

ನಮ್ಮಲ್ಲಿ ಹೀಗೆ ಬರೆದಿಡುವ ಅಭ್ಯಾಸ ಕಡಿಮೆ. ಬೆಂಗಳೂರಿನ ಎಚ್ಎಎಲ್‌ನಲ್ಲಿ ವಿ.ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಬಾರಿ ಹಾರಿತು. ಬೀದರಿನ ವಾಯುನೆಲೆಯಲ್ಲಿ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲೇ. ಆದರೂ ಒಂದೊಂದು ಎಚ್‌ಟಿ-2ರ ಜೀವನವನ್ನು ಹೇಳುವ ಕನ್ನಡ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಅದರ ಜಾಗಕ್ಕೆ ಬಂದ ಎಚ್‌ಪಿಟಿ-32ರ ಎಂಜಿನ್ ಹಾರುವಾಗಲೇ ನಿಂತುಹೋಗುವ ತೊಂದರೆಗೆ ಹೆಸರಾಯಿತು. 2009ರ ಜುಲೈನಲ್ಲಿ ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಅದರ ಹಾರಾಟವನ್ನೇ ನಿಲ್ಲಿಸಿದರು. ಅಷ್ಟರೊಳಗೆ ಸತ್ತ ಪೈಲಟ್‌ಗಳು 19 ಮಂದಿ. ಪುಸ್ ಮಾತ್‌ನ ದೋಷ ಕೆಲವು ವರ್ಷಗಳಲ್ಲಿ ಹಿಡಿತಕ್ಕೆ ಸಿಕ್ಕಿತು. ಎಚ್‌ಪಿಟಿ-32ರ ಹಾರಾಟ ನಿಲ್ಲಿಸಲು ನಮಗೆ ದಶಕಗಳು ಬೇಕಾದವು ಎಂಬುದು ನನ್ನನ್ನು ಈಗಲೂ ಕೊರೆಯುತ್ತದೆ.

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಏರಿದ ಕೂಡಲೇ ಬಿದ್ದ ವಿಮಾನದಲ್ಲಿ ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡರು. ಸೌಂದರ್ಯ ಎಲ್ಲರಿಗೂ ನೆನಪಿದ್ದಾರೆ. ಅದು 1953ರಿಂದ ತಯಾರಾದ ಸೆಸ್ನಾ 180 ಮಾದರಿಯ ವಿಮಾನ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಸತ್ತವರಿಗಾಗಿ ಅತ್ತರೆ ಸಾಲದು, ಯಂತ್ರದ ಹಿಂದಿನ ದಿನಗಳನ್ನೂ ಕೇಳಬೇಕು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ವಾಯುಪಡೆಗೆ, ಎಚ್ಎಎಲ್‌ಗೆ ದುಡಿಯಲು ಹೋಗಿ ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರಲ್ಲಿ ನನ್ನದೊಂದು ವಿನಂತಿ. ನೀವು ನಟ್ಟು ಬಿಗಿದ, ರೆಕ್ಕೆಗೆ ಬಟ್ಟೆ ಹೊಲಿದ ವಿಮಾನಗಳ ನಂಬರು, ಅವು ಎಲ್ಲೆಲ್ಲಿ ಹಾರಿದವು, ಯಾವಾಗ ಕೆಟ್ಟವು, ಎಲ್ಲಿ ಬಿದ್ದವು ಎನ್ನುವುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಟ್ರಂಕಿನಲ್ಲಿರುವ ಫೋಟೋಗಳ ಹಿಂದೆ ಇಸವಿ ಬರೆಯಿರಿ. ಮೊಮ್ಮಕ್ಕಳಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಬೆಂಗಳೂರಿನ ಎಚ್ಎಎಲ್ ಪರಂಪರೆ ಕೇಂದ್ರಕ್ಕೂ ಕಳಿಸಿ.