ಲ್ಯಾಟಿನ್ನಿನ ವಿಭಕ್ತಿಗಳು ಉದುರಿದ್ದೇಕೆ?

ಭಾಷೆ ಕೆಟ್ಟುಹೋಯಿತು ಎಂದು ಕೊರಗುವವರಿಗೆ ಲ್ಯಾಟಿನ್ ಸದಾ ಕೈಗೆ ಸಿಗುವ ಉದಾಹರಣೆ. ರೋಮಿನ ಶಿಷ್ಟರು ಕಾಪಾಡಿಕೊಂಡು ಬಂದಿದ್ದ ಆರು ವಿಭಕ್ತಿಗಳನ್ನು ಓದುಬರಹ ಬಾರದ ಜನ ಹಾಳುಮಾಡಿದರು, ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ನಾಮಪದಗಳು ಬೋಳಾದವು ಎಂಬುದು ದೂರು. ಆ ವಿಭಕ್ತಿರೂಪಗಳನ್ನು ಒಮ್ಮೆ ಸಾಲಾಗಿ ಬರೆದು ನೋಡಿದರೆ ದೂರು ನಿಲ್ಲುವುದಿಲ್ಲ. ನಮ್ಮ ‘ಮನೆಗಳಿಗೆ’ ಎಂಬಲ್ಲಿ ‘ಗಳು’ ವಚನವನ್ನು ಹೇಳುತ್ತದೆ, ‘ಗೆ’ ವಿಭಕ್ತಿಯನ್ನು. ಲ್ಯಾಟಿನ್ನಿನಲ್ಲಿ ಎರಡೂ ಒಂದೇ ಪುಟ್ಟ ಪ್ರತ್ಯಯದೊಳಗೆ ಬೆಸೆದುಕೊಂಡಿವೆ. ‘ಪುಯೆಲ್ಲ’ ಎಂದರೆ ಹುಡುಗಿ. ‘ಪುಯೆಲ್ಲೈ’ ಎಂದರೆ ಹುಡುಗಿಯ, ಹುಡುಗಿಗೆ, ಹುಡುಗಿಯರು, ಮೂರೂ ಹೌದು. ಬಹುವಚನದಲ್ಲಿ ‘ಗೆ’ ಮತ್ತು ‘ಇಂದ’ಗಳ ವ್ಯತ್ಯಾಸವನ್ನು ಲ್ಯಾಟಿನ್ನಿನ ಐದು ನಾಮಪದ ವರ್ಗಗಳಲ್ಲಿ ಒಂದೂ ತೋರಿಸುವುದಿಲ್ಲ. ಇನ್ನು ‘ಗಂಡುಮಕ್ಕಳಿಗೆ’, ‘ಹೆಣ್ಣುಮಕ್ಕಳಿಗೆ’ ಎರಡಕ್ಕೂ ‘ಫಿಲಿಯೀಸ್’ ಒಂದೇ ರೂಪ. ಆಸ್ತಿ ಪಾಲಿನ ಮಾತು ಬಂದಾಗ ಇದು ಸಣ್ಣ ತೊಡಕಲ್ಲ. ಅದಕ್ಕೇ ಹೆಣ್ಣುಮಕ್ಕಳಿಗೆಂದು ‘ಫಿಲಿಯಾಬುಸ್’ ಎಂಬ ಬೇರೆ ರೂಪ ಬಳಕೆಗೆ ಬಂತು. ವ್ಯವಸ್ಥೆಗೆ ತೇಪೆ ಹಚ್ಚುವ ಕೆಲಸ ಅದರ ಉಚ್ಛ್ರಾಯದಲ್ಲೇ ನಡೆದಿತ್ತು.

ಮೇಲಾಗಿ, ಒಂದಕ್ಕಿಂತ ಹೆಚ್ಚು ಅಕ್ಷರಗಳ ಪದದಲ್ಲಿ ಉಚ್ಚಾರದ ಒತ್ತು ಕೊನೆಗೆ ಬೀಳುತ್ತಲೇ ಇರಲಿಲ್ಲ. ಹಾಗಾಗಿ ಪ್ರತ್ಯಯ ಬಾಯಲ್ಲಿ ಸವೆಯುವುದು ಸಹಜ. ಪದಾಂತ್ಯದ ‘ಮ್’ ಮುಂದೆ ಸ್ವರ ಬಂದಾಗ ಸರಿಯಾಗಿ ಕೇಳಿಸುವುದಿಲ್ಲವೆಂದು 1ನೇ ಶತಮಾನದಲ್ಲೇ ಬರೆದವನು ಕ್ವಿಂಟಿಲಿಯನ್, ವಾಗ್ಮಿತೆಯ ಮೇಷ್ಟ್ರು. ದ್ವಿತೀಯಾ ಏಕವಚನ ನಿಂತಿದ್ದದ್ದೇ ಆ ‘ಮ್’ ಮೇಲೆ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೇಯಿಯ ಗೋಡೆಬರಹವೊಂದರಲ್ಲಿ ‘ಕುಮ್ ಡಿಸ್ಕೆಂಟೆಸ್’, ಅಂದರೆ ‘ಶಿಷ್ಯರ ಜೊತೆ’, ಎಂದಿದೆ. ವ್ಯಾಕರಣದ ಪ್ರಕಾರ ‘ಡಿಸ್ಕೆಂಟಿಬುಸ್’ ಆಗಬೇಕಿತ್ತು. ಅರ್ಥಕ್ಕೇನೂ ಕುಂದಾಗಲಿಲ್ಲ, ‘ಜೊತೆ’ ಎಂಬ ಹೊರೆಯನ್ನು ‘ಕುಮ್’ ಆಗಲೇ ಹೊತ್ತಿತ್ತು. ಬರೆದವನು ಅನಕ್ಷರಸ್ಥನಂತೂ ಅಲ್ಲ. ಊರಿನ ಹೆಸರುಗಳ ಮುಂದೆ ಬೇಡದ ಕಡೆಯೂ ಇಂಥ ಪದಗಳನ್ನು ಸೇರಿಸುತ್ತಿದ್ದವರಲ್ಲಿ ಸಾಕ್ಷಾತ್ ಚಕ್ರವರ್ತಿ ಆಗಸ್ಟಸನೂ ಇದ್ದ. ಮಾತು ಸ್ಪಷ್ಟವಾಗಿರಲಿ ಎಂಬುದೇ ಅವನ ಉದ್ದೇಶ ಎನ್ನುತ್ತಾನೆ ಅವನ ಜೀವನಚರಿತ್ರೆ ಬರೆದ ಸ್ವೆಟೋನಿಯಸ್.

ರಷ್ಯನ್, ಲಿಥುವೇನಿಯನ್ ಭಾಷೆಗಳಲ್ಲೂ ವಚನ-ವಿಭಕ್ತಿ ಬೆಸೆದುಕೊಂಡಿವೆ, ಅವು ಉಳಿದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಸುಗೆಯೊಂದೇ ಕಾರಣವಲ್ಲ, ಅಲ್ಲಿ ಒತ್ತು ಪ್ರತ್ಯಯದ ಮೇಲೂ ಬೀಳುತ್ತದೆ, ಕಿವಿಗೆ ಕೇಳಿಸುತ್ತದೆ. ಕೇಳಿಸುವಷ್ಟನ್ನು ಲ್ಯಾಟಿನ್ನಿನ ಸಂತಾನವೂ ಉಳಿಸಿಕೊಂಡಿತು: ಹಳೆಯ ಫ್ರೆಂಚ್ ಎರಡು ವಿಭಕ್ತಿಗಳನ್ನು ಶತಮಾನಗಟ್ಟಲೆ ಸಾಕಿತು, ರೊಮೇನಿಯನ್ ಇಂದಿಗೂ ಷಷ್ಠಿ-ಚತುರ್ಥಿಗೆ ಬೇರೆ ರೂಪ ಇಟ್ಟುಕೊಂಡಿದೆ. ಪದಗಳನ್ನು ಬೇಕಾದ ಹಾಗೆ ಹಿಂದುಮುಂದು ಮಾಡುವ ಕವಿ ವರ್ಜಿಲನ ಸ್ವಾತಂತ್ರ್ಯ ಹೋಯಿತಲ್ಲ ಎಂಬ ಆಕ್ಷೇಪವೂ ಇದೆ. ಆ ನಷ್ಟ ನಿಜ. ಆದರೆ ‘ಪುಯೆಲ್ಲ’ (ಹುಡುಗಿ), ‘ಪುಯೆಲ್ಲಾ’ (ಹುಡುಗಿಯಿಂದ) ಇವುಗಳ ಹ್ರಸ್ವ-ದೀರ್ಘ ಭೇದ ಕಿವಿಗೆ ತಿಳಿಯುವವರೆಗೆ ಮಾತ್ರ ಆ ಸ್ವಾತಂತ್ರ್ಯಕ್ಕೆ ಬೆಲೆ. ಆಫ್ರಿಕಾದ ತನ್ನ ಕೇಳುಗರಿಗೆ ಅದು ತಿಳಿಯುತ್ತಿಲ್ಲವೆಂದು ಕ್ರೈಸ್ತ ಬಿಷಪ್ ಆಗಸ್ಟೀನನಿಗೆ ಗೊತ್ತಿತ್ತು. ಶುದ್ಧ ರೂಪವಾದ ‘ಒಸ್’ ಎಂದರೆ ಮೂಳೆಯೋ ಬಾಯಿಯೋ ತಿಳಿಯದಿರುವಾಗ, ಮೂಳೆಗೆ ಜನ ಆಡುವ ‘ಒಸ್ಸುಮ್’ ಎಂದೇ ಹೇಳಲು ಬೋಧಕ ಹಿಂಜರಿಯಬಾರದು ಎಂದು ಬರೆದವನು ಈ ಮಾಜಿ ವಾಗ್ಮಿತಾ ಶಿಕ್ಷಕನೇ.